ಚಾ ಕೇಳುವ ಲಾರಿ

ಔರಾದ–ಬೀದರ ರಸ್ತೆಯಲ್ಲಿ ಲಾರಿಯೊಂದು ನಿಂತರೆ ಹತ್ತು ನಿಮಿಷದೊಳಗೆ ಅಲ್ಲೊಂದು ಮೆಡಿಕಲ್ ಕಾಲೇಜು ಶುರುವಾಗುತ್ತದೆ. ಎಮ್ಮೆ ಹೊಡೆದುಕೊಂಡು ಹೋಗುವವರು, ಮದುವೆಗೆ ಹೊರಟ ಬೈಕಿನವರು, ಪೇಪರ್ ಓದಿ ಮುಗಿದ ನಿವೃತ್ತ ಮಾಸ್ತರರು, ಎಲ್ಲರೂ ಬಾನೆಟ್ಟಿನೊಳಗೆ ಒಮ್ಮೆ ಇಣುಕಿ, ಒಂದೊಂದು ರೋಗದ ಹೆಸರು ಹೇಳಿ ತಮ್ಮ ದಾರಿ ಹಿಡಿಯುತ್ತಾರೆ. ಫೀಸು ಯಾರೂ ಕೇಳುವುದಿಲ್ಲ. ಅದೊಂದೇ ಸಮಾಧಾನ.

ಭಾಲ್ಕಿಯಲ್ಲಿರುವ ನನ್ನ ಸೋದರಮಾವನ ಲಾರಿ ಇಂಥ ಹಲವು ಕಾಲೇಜುಗಳಿಗೆ ಪಾಠದ ವಸ್ತುವಾಗಿತ್ತು. ಮೂತಿ ಮುಂದಕ್ಕೆ ಚಾಚಿದ ಹಳೇ ಕಾಲದ ಗಾಡಿ. ಸೆನ್ಸರಿಲ್ಲ, ಕಂಪ್ಯೂಟರಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳುಗಳಲ್ಲಿ ಅಲುಗಾಡುವುದು ಒಂದೇ, ಅದೂ ಸುಳ್ಳು ಹೇಳುತ್ತದೆ. ಚಳಿಗಾಲದಲ್ಲಿ ಹುಣಜಿಯ ಸಕ್ಕರೆ ಕಾರ್ಖಾನೆಗೆ ಕಬ್ಬು, ಉಳಿದಂತೆ ಔರಾದ ಕಡೆಯ ತೊಗರಿ, ಸೋಯಾ ಹೇರಿಕೊಂಡು ಬೀದರಿನ ಗಾಂಧಿಗಂಜಿಗೆ. ಆ ವರ್ಷ ಮಳೆಗಾಲ ಮುಗಿಯುತ್ತಲೇ ಅದಕ್ಕೊಂದು ವಿಚಿತ್ರ ಚಾಳಿ ಅಂಟಿಕೊಂಡಿತು. ಔರಾದಿನಿಂದ ಹುರುಪಿನಿಂದ ಹೊರಡುವುದು. ಸಂತಪುರ ದಾಟುತ್ತಲೇ ಏದುಸಿರು. ಕೌಠಾ ಹತ್ತಿರ ಬರುವಷ್ಟರಲ್ಲಿ ಎರಡು ಸಲ ಕೆಮ್ಮಿ ನಿಂತುಬಿಡುವುದು. ಎಲ್ಲರೂ ಇಳಿದು ಚಾ ಕುಡಿದು, ಊರ ರಾಜಕಾರಣ ಮುಗಿಸಿ ಬಂದು ಸೆಲ್ಫ್ ಹೊಡೆದರೆ ಏನೂ ಆಗದವರ ಹಾಗೆ ಚಾಲೂ! ಮತ್ತೆ ಜನವಾಡದ ಹತ್ತಿರ ಅದೇ ಹಾಡು.

"ಇದಕ್ಕ ಚಾದ್ ಚಟ ಹತ್ಯದ," ಎಂದ ಮಾಮಾ.

ಅತ್ತೆ ಅದನ್ನು ಒಪ್ಪಲಿಲ್ಲ. ನಜರ್ ಆಗಿದೆ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದಳು. ಲಾರಿ ಅದನ್ನೂ ಕಟ್ಟಿಕೊಂಡೇ ನಿಂತಿತು. ವೈರಿಂಗ್ ಮಾಡುವವನೊಬ್ಬ ಬ್ಯಾಟರಿ ಬದಲಿಸಬೇಕೆಂದ. ಒಮ್ಮೆ ಚಾಲೂ ಆದ ಹಳೇ ಡೀಸೆಲ್ ಎಂಜಿನ್ನಿಗೆ ಬ್ಯಾಟರಿಯ ಹಂಗಿಲ್ಲ. ಹವೆಯನ್ನು ಅದುಮಿ ಅದುಮಿ ಕೆಂಡದಷ್ಟು ಬಿಸಿ ಮಾಡಿ, ಅದರ ಮೇಲೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಕಿಡಿಯ ಮಾತೇ ಇಲ್ಲ. ಈ ಉಪಾಯ ಹೂಡಿದ ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದವನು ನಡುದಾರಿಯಲ್ಲೇ ಕಾಣೆಯಾದ. ಹುಟ್ಟಿಸಿದವನೇ ಹಾಗಾದ ಮೇಲೆ ಎಂಜಿನ್ ಕೌಠಾ ಹತ್ತಿರ ನಿಂತರೆ ಯಾರನ್ನು ಬೈಯುವುದು?

ಪಂಪಿನವನು ಪಂಪು ಎಂದ. ಅವನು ಬೇರೇನು ಹೇಳಿಯಾನು! 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೊ ಕಂಪನಿಯ ಪಂಪೆಂದರೆ ನಮ್ಮ ಕಡೆ ಡ್ರೈವರುಗಳಿಗೆ ದೇವರ ಮೇಲಿನಷ್ಟೇ ಭಕ್ತಿ. ಅಂಥದ್ದನ್ನು ಬಿಚ್ಚಿಸಿ, ಬೆಂಚಿನ ಮೇಲೆ ಕೂರಿಸಿ, ತೂಕ ನೋಡಿಸಿ, ಮತ್ತೆ ಜೋಡಿಸಿದ್ದಾಯಿತು. ಫಿಲ್ಟರೂ ಹೊಸದು. ಬಿಲ್ಲನ್ನು ಮಾಮಾ ಇನ್ಶೂರೆನ್ಸ್ ಕಾಗದದ ಜೊತೆ ಜೋಪಾನ ಮಾಡಿದ. ಲಾರಿ ಕೌಠಾದಲ್ಲಿ ನಿಂತಿತು. ಚಾ ಕುಡಿದು ಬಂದರೆ ಹೊರಟಿತು.

ಕೊನೆಗೆ ಯಾರೋ ಬೀದರಿನ ಒಬ್ಬ ಮುದುಕ ಮಿಸ್ತ್ರಿಯ ಹೆಸರು ಹೇಳಿದರು. ಬೇವಿನ ಗಿಡವೇ ಅವರ ಗ್ಯಾರೇಜು. ಪಾನಾ ಮುಟ್ಟುವ ಬದಲು ಅವರು ಬೀಡಿ ಹಚ್ಚಿ ವಿಚಾರಣೆ ಶುರು ಮಾಡಿದರು.

"ಬಂದ್ ಬೀಳೋ ಮುಂದ ಹೆಂಗ್ ಬೀಳ್ತದ್ರಿ ಸಾವ್ಕಾರ್ರೇ? ಝಟ್ ಅಂತನೋ, ತ್ರಾಸ್ ಮಾಡ್ಕೊಂಡೋ?"

"ತ್ರಾಸ್ ಮಾಡ್ಕೊಂಡೇ ಚಾಚಾ."

"ಕರಿ ಹೊಗಿ?"

"ಇಲ್ಲ."

ಇಷ್ಟರಲ್ಲೇ ಅರ್ಧ ಕೆಲಸ ಮುಗಿದಿತ್ತು ಎಂದು ಈಗ ಅನಿಸುತ್ತದೆ. ಚಾವಿ ತಿರುಗಿಸಿದಷ್ಟು ಥಟ್ಟನೆ ನಿಂತರೆ ಒಂದು ದಾರಿ, ಕರಿ ಹೊಗೆ ಕಾರಿದರೆ ಏರ್ ಫಿಲ್ಟರಿನ ದಾರಿ, ಬಳಲಿ ಬಳಲಿ ನಿಂತರೆ ಡೀಸೆಲ್ ಸಾಲದೆಂಬ ದಾರಿ. ಮಿಸ್ತ್ರಿ ಲಾರಿ ಹತ್ತಿ ನಮ್ಮ ಜೊತೆ ಹೊರಟರು. ನಿಂತ ಕೂಡಲೇ ರೂಢಿಯಂತೆ ಎಲ್ಲರ ಕಾಲು ಚಾದಂಗಡಿಯತ್ತ ತಿರುಗಿದವು.

"ಯಾರೂ ಚಾಕ್ ಹೋಗಬ್ಯಾಡ್ರಿ!"

ಫೀಡ್ ಪಂಪಿನ ಮೇಲಿನ ಗುಂಡಿಯನ್ನು ತಿರುವಿ ಮೇಲೆಳೆದರು. ಕೈ ಬಿಟ್ಟರೆ ಅದು ಮೆಲ್ಲಗೆ ತಾನೇ ಒಳಗೆ ಜಾರಿತು, ಆ ಕಡೆಯಿಂದ ಯಾರೋ ಎಳೆದುಕೊಂಡ ಹಾಗೆ. ಇನ್ನೊಮ್ಮೆ ಎಳೆದರು, ಇನ್ನೊಮ್ಮೆ ಜಾರಿತು. ಫಿಲ್ಟರಿನ ಸ್ಕ್ರೂ ಸಡಿಲಿಸಿದರೆ ಗುಳ್ಳೆಯೂ ಇಲ್ಲ, ಡೀಸೆಲ್ಲೂ ಇಲ್ಲ. ಲೈನಿನಲ್ಲಿ ಹವಾ ಹಿಡಿದಿದ್ದರೆ ನೊರೆ ಬರಬೇಕಿತ್ತು. ಅವರು ತಲೆ ಎತ್ತಿ ಕೇಳಿದರು:

"ಇದು ಶುರು ಆಗೋಕಿಂತ ಮೊದಲ ಈ ಗಾಡಿಗಿ ಯಾರ್ ಏನ್ ಮಾಡೀರಿ?"

ಯಾರೂ ಏನೂ ಮಾಡಿರಲಿಲ್ಲ. ಮಾಮಾ ಮಾತ್ರ ಸ್ವಲ್ಪ ಹೆಮ್ಮೆಯಿಂದಲೇ, ಮಳೆಯಲ್ಲಿ ಟಾಕಿಗೆ ನೀರು ಇಳಿದು ಗಾಡಿ ಒಮ್ಮೆ ನಿಂತಿತ್ತೆಂದೂ, ಅದಕ್ಕೆ ಮುಚ್ಚಳದ ಕೆಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಬಿಗಿದಿದ್ದಾಗಿಯೂ ಹೇಳಿದ.

ಮಿಸ್ತ್ರಿ ಹೋಗಿ ಟಾಕಿಯ ಮುಚ್ಚಳ ತಿರುವಿದರು. ಸುಂಯ್ ಎಂದು ಉದ್ದನೆಯ ಉಸಿರೊಂದು ಒಳಗೆ ಹೋಯಿತು. ಚೀಲ ಟಾಕಿಯ ಬಾಯಲ್ಲಿ ಬಟ್ಟಲಿನಂತೆ ತಗ್ಗಿ ಕೂತಿತ್ತು. ಮುಚ್ಚಳದಲ್ಲಿ ಸೂಜಿಮೊನೆಯಂಥ ಒಂದು ತೂತಿರುತ್ತದೆ. ಡೀಸೆಲ್ ಖಾಲಿಯಾದಷ್ಟು ಹವೆ ಅದರಿಂದ ಒಳಬರಬೇಕು. ಬರದಿದ್ದರೆ ಟಾಕಿ ಡೀಸೆಲ್ಲನ್ನು ಬಿಟ್ಟುಕೊಡುವುದಿಲ್ಲ. ನಾವು ಚಾ ಕುಡಿಯುವ ಹೊತ್ತಿಗೆ ಚೀಲದ ಮಡಿಕೆಗಳ ಸಂದಿಯಿಂದ ಒಂದಿಷ್ಟು ಹವೆ ನುಸುಳುತ್ತಿತ್ತು. ಲಾರಿಯ ಚಟ ಅಷ್ಟೇ.

ಚೀಲ ಕಿತ್ತೆಸೆದು, ತೂತಿಗೊಂದು ತಂತಿ ಆಡಿಸಿ, ನೀರಿಳಿಯದಂತೆ ಮುಚ್ಚಳಕ್ಕೆ ಹೊಸ ವಾಶರ್ ಹಾಕಿದರು. ವಾಶರಿನ ರೊಕ್ಕ ಬಿಟ್ಟು ಬೇರೇನೂ ಬೇಡವೆಂದರು. ಇದು ಮಾಮಾನಿಗೆ ಅವಮಾನವೆನಿಸಿತು. ಪಂಪಿನ ಬಿಲ್ಲು ಇನ್ನೂ ಇನ್ಶೂರೆನ್ಸ್ ಕಾಗದದ ಜೊತೆಗೇ ಇತ್ತಲ್ಲ.

"ಇಷ್ಟ್ ಸಣ್ಣ ಬ್ಯಾನಿಗಿ ನಮ್ಮ ಗಾಡಿ ನಿಂದ್ರಬಾರದಿತ್ತು," ಎಂದು ಭಾಲ್ಕಿ ಮುಟ್ಟುವವರೆಗೂ ಗೊಣಗಿದ.

ಊರಲ್ಲಿ ಮಾತ್ರ ಕತೆ ಬೇರೆಯಾಯಿತು. ವ್ಯಾಕ್ಯೂಮ್ ಎಂಬ ಪದ ಅವನ ಬಾಯಲ್ಲಿ ಸಲೀಸಾಗಿ ಓಡಾಡತೊಡಗಿತು. ಈಗ ದಾರಿಯಲ್ಲಿ ಯಾವ ಗಾಡಿ ನಿಂತಿದ್ದರೂ ಮಾಮಾ ಲಾರಿ ನಿಲ್ಲಿಸಿ, ಇಳಿದು, ನೇರ ಟಾಕಿಯ ಹತ್ತಿರ ಹೋಗುತ್ತಾನೆ. ಮೊನ್ನೆ ಹಲಬರ್ಗಾ ಹತ್ತಿರ ಒಂದು ಟ್ರ್ಯಾಕ್ಟರಿನ ಮುಚ್ಚಳ ಬಿಚ್ಚಿ, ಕಿವಿ ಹಚ್ಚಿ, ಬಹಳ ಹೊತ್ತು ಕೇಳಿಸಿಕೊಂಡ. ಅದರ ಡ್ರೈವರು ಪಾಪ, ಪಂಕ್ಚರ್ ಆದ ಹಿಂದಿನ ಗಾಲಿ ಬಿಚ್ಚುತ್ತ ಸುಮ್ಮನೆ ಕೂತಿದ್ದ.