ಅಂಡಮಾನಕ್ಕೆ ಹೊರಟ ಅಳಿಯ

ಕಲ್ಲುಗುಡ್ಡದ ನಡುವೆ ಹುಟ್ಟಿದವರಿಗೆ ಸಮುದ್ರದ ಹುಚ್ಚು ಹಿಡಿದರೆ ಬಿಡಿಸುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಹೇಮಗುಡ್ಡದಲ್ಲಿ ನಿಂತು ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಬಂಡೆ, ಬಂಡೆಯ ಮೇಲೆ ಇನ್ನೊಂದು ಬಂಡೆ, ಅದರಾಚೆ ಹಳೇ ಕೋಟೆಯ ಗೋಡೆ. ಗಂಗಾವತಿ ಕಡೆ ಇಳಿದರೆ ಭತ್ತದ ಗದ್ದೆ. ಇಂಥ ನಾಡಿನ ಹುಡುಗರು ಮೊಬೈಲಿನಲ್ಲಿ ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ ನೋಡಿ ನೋಡಿ ನಿಟ್ಟುಸಿರು ಬಿಡುತ್ತಾರೆ.

ನಮ್ಮಕ್ಕನ ಮಗನೂ ಅದೇ ಜಾತಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಲಗ್ನವಾದ ಹೊಸತು. ಹೇಮಗುಡ್ಡದ ದಸರೆಗೆ ಬಂದವ ದುರ್ಗಮ್ಮನ ಅಂಬಾರಿ ಇನ್ನೂ ಕಣ್ಮುಂದೆ ಇರುವಾಗಲೇ ನನ್ನ ಕಿವಿಯಲ್ಲಿ ಉಸುರಿದ: “ಮಾವಾ, ಮುಂದಿನ ವಾರ ಅಂಡಮಾನಕ್ಕ ಹೊಂಟೀವ್ರಿ. ಟಿಕೆಟ್ ಭಾಳ ಸೋವಿ ಐತಿ.”

“ಯಾಕ ಸೋವಿ ಐತಿ ಅಂತ ಕೇಳಿದೇನು?”

ಕೇಳಿರಲಿಲ್ಲ. ಸೋವಿ ಸಿಕ್ಕಾಗ ಯಾರು ಕೇಳುತ್ತಾರೆ? ನಮ್ಮಲ್ಲಿ ಮಳೆ ಹಿಂದೆ ಸರಿದು ಹೊಲ ಒಣಗುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಹಿಂಗಾರು ಏಳುತ್ತದೆ. ಅಕ್ಟೋಬರ್, ನವೆಂಬರ್ ಅಂದರೆ ಅಲ್ಲಿ ಚಂಡಮಾರುತದ ಕಾಲ. ಟಿವಿಯವರು ತೋರಿಸುವ ಗಿರಗಿರ ತಿರುಗುವ ಬಿಳಿ ಮೋಡಗಳಲ್ಲಿ ಎಷ್ಟೋ ಆ ದ್ವೀಪಗಳ ಆಸುಪಾಸಿನಲ್ಲೇ ಹುಟ್ಟಿದವು. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕಡಲು ತಣ್ಣಗಿರುತ್ತದೆ, ಟಿಕೆಟ್ ದರ ಮಾತ್ರ ಬಿಸಿ. ಎರಡೂ ತಣ್ಣಗಿರಬೇಕು ಅಂದರೆ ಮನೆಯಲ್ಲೇ ಇರಬೇಕು.

ಟಿಕೆಟ್ ಎಂದಾಗ ನೆನಪಾಯಿತು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯ ಪುರಂ ಎಂದು ಹೆಸರಿಟ್ಟರು. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪ ಆಗಿದೆ. ಹೊಸ ಹೆಸರು ನೋಡಿ ಬೇರೆ ಊರಿಗೆ ಟಿಕೆಟ್ ಕೊಟ್ಟರು ಅಂತ ಅಕ್ಕನ ಮಗ ಏಜೆಂಟನ ಜೊತೆ ಜಗಳಕ್ಕೆ ನಿಂತಿದ್ದನಂತೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೆಚ್ಚಾಗಿ ಹಡಗಿನಲ್ಲೇ ಹೋಗಬೇಕು. ಗಾಳಿ ಎದ್ದರೆ ಹಡಗು ನಿಲ್ಲುತ್ತದೆ, ವಿಮಾನ ಮಾತ್ರ ನಿಮಗಾಗಿ ನಿಲ್ಲುವುದಿಲ್ಲ. ಆದ್ದರಿಂದ ವಾಪಸಾಗುವ ಹಿಂದಿನ ರಾತ್ರಿ ಹ್ಯಾವ್‌ಲಾಕಿನ ಮರಳಿನ ಮೇಲೆ ಹೊರಳಾಡದೆ ವಿಮಾನ ನಿಲ್ದಾಣ ಇರುವ ಊರಿಗೆ ಬಂದು ಮಲಗಬೇಕು. ಇನ್ನೊಂದು ವಿಷಯ: ಆ ದ್ವೀಪಗಳು ಮೂಡಣಕ್ಕೆ ಬಹಳ ದೂರ, ಗಡಿಯಾರ ಮಾತ್ರ ನಮ್ಮದೇ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ಬೆಳಿಗ್ಗೆ ಕೋಳಿ ಕೂಗುವುದರೊಳಗೆ ಬಿಸಿಲು. ಒಂಬತ್ತಕ್ಕೆ ಏಳುವ ಬೆಂಗಳೂರಿನ ಮಂದಿಗೆ ಅಲ್ಲಿ ದಿನ ಅಂತ ಸಿಗುವುದು ಅರ್ಧವೇ.

ನಮ್ಮಕ್ಕನ ಚಿಂತೆ ಬೇರೆ. ಸೊಸೆಗೆ ಉಡಿ ತುಂಬಿದ್ದ ಕೊಬ್ಬರಿ ಗಿಟುಕುಗಳನ್ನೆಲ್ಲ, ಕುಂಕುಮ ಹತ್ತಿದ್ದನ್ನು ಒರೆಸದೆ, ದೊಡ್ಡ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಒಂದರಲ್ಲೊಂದು ಕೂರಿಸಿಟ್ಟಿದ್ದಳು. “ಶುಭಾದ್ದು, ಸಂಗಡ ಇರಲಿ.” ಇಡೀ ಒಣಕೊಬ್ಬರಿಯನ್ನು ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಬಿಡುವುದಿಲ್ಲ, ಎಣ್ಣೆ ಅಂಶಕ್ಕೆ ತಾನಾಗಿ ಬೆಂಕಿ ಹತ್ತೀತೆಂಬ ಭಯ ಎಂದು ಎಷ್ಟು ಹೇಳಿದರೂ ಅಕ್ಕ ಒಪ್ಪಲಿಲ್ಲ. “ನಮ್ಮ ಅಡಿಗಿಮನಿಯಾಗ ವರ್ಷಗಟ್ಟಲೆ ಒಲಿ ಮಗ್ಗಲಾಗ ಇದ್ದಾವು, ಒಂದರ ಹತ್ತೇತೇನು?” ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅದನ್ನು ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರ್ ಮುಂದೆ ಕೂತವನಿಗೆ ಕೇಳಬೇಕು. ಕೊನೆಗೆ ಕೊಬ್ಬರಿ ಶೇಂಗಾ ಚಟ್ನಿಯ ಜೊತೆ ಕುಟ್ಟಿಸಿಕೊಂಡು ಪುಡಿಯಾಯಿತು. ಹೋಗುವಾಗ ಹೀಗೆ, ಬರುವಾಗ ಉಲ್ಟಾ: ಚಂದ ಕಂಡಿತೆಂದು ಹವಳದ ತುಂಡು ಜೇಬಿಗಿಳಿಸಿದರೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಸತ್ತ ಹವಳವಾದರೂ ಅಷ್ಟೇ.

“ಮಾವಾ, ನೀವೂ ಎಲ್ಲಾದಕ್ಕೂ ಅಡ್ಡಬಾಯಿ ಹಾಕ್ತೀರಿ. ಹಂಗಾರ ದ್ವೀಪ ನೋಡಾಕ ಎಲ್ಲಿಗೆ ಹೋಗೂಣು?”

ಮಲ್ಪೆಯ ಸೇಂಟ್ ಮೇರೀಸ್ ಇದೆ. ಮಳೆಗಾಲದಲ್ಲಿ ದೋಣಿ ಬಂದ್. ಲಕ್ಷದ್ವೀಪ ಇದೆ; ಮೊದಲು ಪರವಾನಗಿ, ಆಮೇಲೆ ಪಯಣ. ಬಿಡು, ಮೊದಲು ನಮ್ಮ ತಾಲೂಕಿನ ದ್ವೀಪದಲ್ಲಿ ಪರೀಕ್ಷೆ ಪಾಸಾಗು ಅಂದೆ.

ಆನೆಗುಂದಿಯಲ್ಲಿ ತುಂಗಭದ್ರೆಯ ನಡುವೆ ನವವೃಂದಾವನ ಗಡ್ಡೆ. ಒಂಬತ್ತು ಮಾಧ್ವ ಯತಿಗಳ ವೃಂದಾವನ, ನಟ್ಟನಡುವೆ ವ್ಯಾಸರಾಜರದ್ದು. 2019ರ ಜುಲೈಯಲ್ಲಿ ನಿಧಿಯ ಆಸೆಗೆ ಬಿದ್ದ ಕಳ್ಳರು ಅದನ್ನೇ ಅಗೆದು ಕೆಡವಿದ್ದರು. ಭಕ್ತರು, ಮಠದವರು ಓಡಿಬಂದು ತಡಮಾಡದೆ ಮತ್ತೆ ನಿಲ್ಲಿಸಿದರು. ಅಲ್ಲಿಗೆ ಹೋಗುವವರು ಪಂಚಾಂಗ ನೋಡಿದರೆ ಸಾಲದು, ತುಂಗಭದ್ರಾ ಡ್ಯಾಮಿನ ಸುದ್ದಿಯನ್ನೂ ನೋಡಬೇಕು. 1953ರಲ್ಲಿ ಕಟ್ಟಿ ಮುಗಿಸಿದ ಆಣೆಕಟ್ಟಿಗೆ 33 ಗೇಟು. ಮುಂಗಾರಿನಲ್ಲಿ ಮಲೆನಾಡು ಸುರಿದಷ್ಟೂ ಇಲ್ಲಿ ಗೇಟು ಏಳುತ್ತವೆ, ಗೇಟು ಎದ್ದರೆ ದೋಣಿ ದಡಕ್ಕೆ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ನೆತ್ತಿ ಸುಡುವ ಬಿಸಿಲು, ನದಿ ಮಾತ್ರ ಕೆಂಪಗೆ ಉಕ್ಕಿ ಬರುತ್ತಿರುತ್ತದೆ. ದೂರದಿಂದ ಬಂದವರು “ಮಳೆನೇ ಇಲ್ವಲ್ಲ, ಯಾಕ್ ಬಿಡಲ್ಲ?” ಎಂದು ಅಂಬಿಗನ ಮೇಲೆ ಹರಿಹಾಯುತ್ತಾರೆ. ಅಂಬಿಗ ಬೀಡಿ ಹಚ್ಚುತ್ತಾನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದಾಗ, ಸುಮಾರು ಒಂದು ವಾರ ನಮ್ಮ ಕಡೆ ದೇವರ ಹೆಸರಿಗಿಂತ ಕ್ಯೂಸೆಕ್ ಲೆಕ್ಕವೇ ಜನರ ಬಾಯಲ್ಲಿತ್ತು.

ಅಂಥ ಗಡ್ಡೆಗೆ ಬಂದು ಕೆಲವರು ಚಡ್ಡಿಯಲ್ಲೇ ಇಳಿದು ವೃಂದಾವನಕ್ಕೆ ಬೆನ್ನು ಹಾಕಿ ಸೆಲ್ಫಿ ಹೊಡೆದುಕೊಳ್ಳುತ್ತಾರೆ. ಅದು ಯತಿಗಳ ಜಾಗ ಕಣ್ರಪ್ಪಾ, ಬೀಚ್ ಅಲ್ಲ. ಬುತ್ತಿ, ನೀರಿನ ಬಾಟಲಿ ಸಂಗಡ ಒಯ್ದು, ಕಸ ಸಂಗಡವೇ ತರಬೇಕು. ಅಲ್ಲಿ ಅಂಗಡಿ ಮುಂಗಟ್ಟಿಲ್ಲ.

ಇನ್ನು ಕೆಲವರು ಹತ್ತು ವರ್ಷ ಹಿಂದಿನ ಯಾವುದೋ ಪುಸ್ತಕ ಹಿಡಿದುಕೊಂಡು “ಹಿಪ್ಪಿ ಐಲ್ಯಾಂಡ್ ಎಲ್ಲಿದೆ?” ಅಂತ ಬರುತ್ತಾರೆ. ವಿರುಪಾಪುರಗಡ್ಡೆ. ಹಂಪಿಯ ವಿರೂಪಾಕ್ಷನ ಎದುರಿಗೆ, ಹೊಳೆಯ ಈಚೆ, ನಮ್ಮ ಗಂಗಾವತಿ ತಾಲೂಕಿನಲ್ಲಿ. ಆಗ ಗದ್ದೆಯ ಅಂಚಿಗೆ ಗುಡಿಸಲು, ನೆಲಕ್ಕೆ ಹಾಸಿಗೆ, ಹೀಬ್ರೂ ಭಾಷೆಯಲ್ಲಿ ಮೆನು. ಭತ್ತ ನಾಟಿ ಮಾಡುವ ಮನೆಯ ಹುಡುಗರು ಇಸ್ರೇಲಿನವರಿಗೆ ಅವರ ಮಾತಿನಲ್ಲೇ, ಅವರ ಮೊಟ್ಟೆ ತಿನಿಸು ಶಕ್ಷೂಕ ಬೇಕಾ ಎಂದು ಕೇಳುತ್ತಿದ್ದರು. ಅವೆಲ್ಲ ಸಂರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದ್ದೆಂದು 2015ರಲ್ಲಿ ಹೈಕೋರ್ಟ್ ಹೇಳಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಕೆಡವಲು ಜೆಸಿಬಿ ಬಂದವು. ತೀರ್ಪು ಸರಿ, ಹಂಪಿ ಉಳಿಯಬೇಕು. ಆದರೆ ಶಕ್ಷೂಕ ಮಾಡಲು ಕಲಿತಿದ್ದ ಆ ಹುಡುಗರ ಮುಂದೆ ನಿಂತು ಅದನ್ನು ಹೇಳಲು ನನಗಂತೂ ನಾಲಗೆ ಏಳುವುದಿಲ್ಲ. ಹಳೇ ಫೋಟೋ ತೋರಿಸಿ ಅಲ್ಲಿಗೆಂದು ಯಾರಾದರೂ ಮುಂಗಡ ಹಣ ಕೇಳಿದರೆ ಕೊಡುವ ಮೊದಲು ಊರಿನವರನ್ನು ವಿಚಾರಿಸಿ, ಅಷ್ಟೇ.

ಒಂದು ಮಾತು ನಗೆಚಾಟಿಕೆ ಬಿಟ್ಟು ಹೇಳಬೇಕು. ಸಾಣಾಪುರದ ಹತ್ತಿರ ಬಂಡೆಯಿಂದ ಹೊಳೆಗೆ ಜಿಗಿಯುವ ಚಟ ಬೇಡ. 2025ರ ಫೆಬ್ರವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಹಾಗೆ ಜಿಗಿದವರು ಜೀವಂತವಾಗಿ ಮೇಲೆ ಬರಲಿಲ್ಲ. ಬೇಸಿಗೆಯಲ್ಲೂ ಅಲ್ಲಿ ಬಂಡೆಸಂದಿಯ ಸೆಳೆತ ನೀರಿನ ಮೇಲೆ ಕಾಣುವುದಿಲ್ಲ, ಈಜು ಬಲ್ಲವರಿಗೂ ಅದೇ ಗತಿ. ಈ ಹೊಳೆ ನೀರುನಾಯಿಗಳದ್ದೂ ಹೌದು. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಅವುಗಳಿಗೆಂದೇ ಮೀಸಲಿಟ್ಟಿದ್ದಾರೆ. ಮೊಸಳೆಗಳಿಗೆ ಯಾರೂ ಮೀಸಲಿಟ್ಟಿಲ್ಲ, ಅವು ತಾವೇ ಇವೆ. ಅಂಡಮಾನದಲ್ಲೂ ಕೆಲವು ಕಡೆ ಉಪ್ಪುನೀರಿನ ಮೊಸಳೆಯ ಬೋರ್ಡು ಹಾಕಿದ್ದಾರೆ. ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಆಮೇಲೆ ನೀರಿಗಿಳಿಯುವ ಜನ ಎರಡೂ ಕಡೆ ಇದ್ದಾರೆ.

ಅಂತೂ ಅಳಿಯ ಟಿಕೆಟನ್ನು ಜನವರಿಗೆ ತಳ್ಳಿದ. ರಜೆ ಹಾಳಾಗಬಾರದೆಂದು ಅವನನ್ನೂ ಅವನ ಹೆಂಡತಿಯನ್ನೂ ಆನೆಗುಂದಿಗೆ ಕರೆದೊಯ್ದೆ. ಗೇಟು ಮುಚ್ಚಿದ್ದರು, ದೋಣಿ ಬಿಟ್ಟಿದ್ದರು. ಕಣ್ಣಿಗೆ ತಂಪು ಕನ್ನಡಕ, ತಲೆಗೆ ಅಗಲ ಹ್ಯಾಟು, ಮೂಗಿಗೆ ಬಿಳಿ ಕ್ರೀಮು ಬಳಿದುಕೊಂಡು ಬಂದಿದ್ದ ಗಂಡನನ್ನು ಆ ಹುಡುಗಿ ನೋಡಿದಳು, ಆಮೇಲೆ ತಲೆ ಮೇಲೆ ಸೆರಗು ಎಳೆದುಕೊಂಡು ನನ್ನ ಕಡೆ ನೋಡಿ ನಕ್ಕಳು. ಲೈಫ್ ಜಾಕೆಟ್ ಕೊಟ್ಟರೆ, ಫೋಟೋದಲ್ಲಿ ಅಂಗಿ ಕಾಣೋದಿಲ್ಲ ಅಂತ ಅಳಿಯ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ.

ನಡುಹೊಳೆಯಲ್ಲಿ ಅಂಬಿಗ ಕೇಳಿದ: “ಮುಂದ ಎಲ್ಲಿಗ್ರಿ ಪಯಣ?”

“ಅಂಡಮಾನಕ್ಕ. ಸುತ್ತಲೂ ಸಮುದ್ರ!”

ಅಂಬಿಗ ಒಂದು ಗಳಿಗೆ ಯೋಚಿಸಿದ. “ಅಲ್ಲೆ ಡ್ಯಾಮ್ ಎಲ್ಲೈತ್ರಿ?”

“ಡ್ಯಾಮ್ ಇಲ್ಲ.”

“ಹಂಗಾರ ಅಷ್ಟೂ ನೀರು ಬಿಟ್ಟಾವ್ರು ಯಾರ್ರಿ? ಬಂದ್ ಮಾಡ್ರಿ ಅಂತ ಯಾರಿಗೆ ಫೋನ್ ಹಚ್ಚೂದು?”

ಅಳಿಯ ಉತ್ತರ ಕೊಡಲಿಲ್ಲ. ತೊಡೆಯ ಮೇಲಿದ್ದ ಜಾಕೆಟ್ಟನ್ನು ತಲೆಯಿಂದ ಇಳಿಸಿಕೊಂಡು, ಬಕಲ್ ಎಲ್ಲಿ ಹಾಕಬೇಕೆಂದು ಹೆಂಡತಿಯನ್ನು ಕೇಳಿದ.