ನಿಷ್ಠೆಯ ಅಗ್ನಿಪರೀಕ್ಷೆ

ಅಮೆರಿಕದ ಜಾರ್ಜಿಯಾ ವಿಧಾನಸಭೆಗೆ ದೇಶಭಕ್ತಿಯ ಜ್ವರ ನೆತ್ತಿಗೇರಿದ್ದು 1966ರ ಜನವರಿ 10ರಂದು. ಅಂದು ಅಟ್ಲಾಂಟಾದ ಕಪ್ಪು ತರುಣ ಜೂಲಿಯನ್ ಬಾಂಡ್ ಶಾಸಕರಾಗಿ ಪ್ರಮಾಣವಚನ ಸ್ವೀಕರಿಸಬೇಕಿತ್ತು. ವಯಸ್ಸು ಇನ್ನೂ 25. ಜನ ಗೆಲ್ಲಿಸಿ ಕಳಿಸಿದ್ದರು. ಆದರೆ ಅವರ ವಿದ್ಯಾರ್ಥಿ ಸಂಘಟನೆ ವಿಯೆಟ್ನಾಂ ಯುದ್ಧವನ್ನು ಖಂಡಿಸಿ ಹೇಳಿಕೆ ಹೊರಡಿಸಿತ್ತು. ಅದು ತಮಗೂ ಒಪ್ಪಿಗೆ ಎಂದುಬಿಟ್ಟಿದ್ದರು ಬಾಂಡ್.

ಹೇಳಿಕೆಗೆ ಮೂರು ದಿನ ಮುಂಚೆ, ಅಲಬಾಮಾದ ಟಸ್ಕೀಗಿಯಲ್ಲಿ, ನೌಕಾಪಡೆಯಲ್ಲಿ ದುಡಿದು ಬಂದಿದ್ದ ಸ್ಯಾಮಿ ಯಂಗ್ ಎಂಬ ಕಪ್ಪು ವಿದ್ಯಾರ್ಥಿಯನ್ನು ಪೆಟ್ರೋಲ್ ಬಂಕ್ ಬಳಿ ಗುಂಡಿಟ್ಟು ಕೊಂದಿದ್ದರು. ಬಿಳಿಯರ ಪಾಯಿಖಾನೆ ಬಳಸಲು ಹೋದದ್ದೇ ಜಗಳಕ್ಕೆ ಮೂಲ. ದೇಶಕ್ಕಾಗಿ ಸಾಯಲು ಅಡ್ಡಿಯಿಲ್ಲ, ದೇಶದ ಪಾಯಿಖಾನೆಗೆ ಮಾತ್ರ ಕಾಲಿಡಕೂಡದು! ಮಾನ್ಯ ಶಾಸಕರ ಜ್ವರ ಏರಿದ್ದು ಆ ಗುಂಡಿನಿಂದಲ್ಲ, ಹೇಳಿಕೆಯಿಂದ.

ಬಾಂಡ್ ಪ್ರಮಾಣ ಮಾಡಲು ಸಿದ್ಧರಿದ್ದರು. ಸದನವೇ ಬೇಡವೆಂದಿತು. ಬಾಯಲ್ಲಿ ಸಂವಿಧಾನ ಇರಬಹುದು, ಮನಸ್ಸಿನಲ್ಲಿದೆಯೇ? 184 ಮಂದಿ ಅವರ ಹೃದಯ ಬಗೆದು ನೋಡಿ ಇಲ್ಲವೆಂದರು, 12 ಮಂದಿಗೆ ಅಂಥ ದಿವ್ಯದೃಷ್ಟಿ ಇರಲಿಲ್ಲ. ಈ ನಿಷ್ಠಾವಂತರ ರಾಜ್ಯದ ಆಗಿನ ಬಾವುಟ ಎಂಥದ್ದು ಗೊತ್ತೇ? ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದ ವಿರುದ್ಧವೇ ಬಂದೂಕು ಹಿಡಿದ ದಕ್ಷಿಣದ ಬಂಡುಕೋರರ ಯುದ್ಧಲಾಂಛನವನ್ನು 1956ರಲ್ಲಿ ಅಕ್ಕರೆಯಿಂದ ಹಚ್ಚಿಕೊಂಡಿದ್ದ ಬಾವುಟ.

ಚಾಳಿ ಹೊಸದೇನಲ್ಲ. 1868ರಲ್ಲೂ ಜಾರ್ಜಿಯಾ ತನ್ನ ಕಪ್ಪು ಶಾಸಕರನ್ನು ಹೊರದಬ್ಬಿತ್ತು. ಮತ ಹಾಕುವ ಹಕ್ಕು ಕೊಟ್ಟಿದ್ದೇವೆ, ಕುರ್ಚಿಯಲ್ಲಿ ಕೂರುವ ಹಕ್ಕು ಎಲ್ಲಿ ಕೊಟ್ಟೆವು ಎಂಬುದು ಆಗಿನ ವಾದ. 98 ವರ್ಷಗಳಲ್ಲಿ ಸುಧಾರಿಸಿದ್ದು ವಾದವೊಂದೇ.

ತೆರವಾದ ಸ್ಥಾನಕ್ಕೆ ಫೆಬ್ರವರಿಯಲ್ಲಿ ಉಪಚುನಾವಣೆ: ಗೆದ್ದವರು ಬಾಂಡ್. ಮತ್ತೆ ಬಾಗಿಲು ಮುಚ್ಚಿತು. ನವೆಂಬರಿನಲ್ಲಿ ಮತ್ತೊಂದು ಚುನಾವಣೆ, ಮತ್ತೆ ಬಾಂಡ್. ಮತದಾರರಿಗೆ ಬುದ್ಧಿ ಬರುವ ಲಕ್ಷಣವೇ ಕಾಣಲಿಲ್ಲ. ಶಾಸಕನ ನಿಷ್ಠೆಯನ್ನು ಸಾಮಾನ್ಯ ಪ್ರಜೆಗಿಂತ ಬಿಗಿಯಾದ ಅಳತೆಗೋಲಿನಲ್ಲಿ ಅಳೆಯಬೇಕು ಎಂದು ಜಾರ್ಜಿಯಾ ಸರ್ಕಾರ, ಬಾಂಡ್ ಹೂಡಿದ್ದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ವಾದಿಸಿತು. ಡಿಸೆಂಬರ್ 5ರಂದು ಅರ್ಲ್ ವಾರನ್ ನೇತೃತ್ವದ ಒಂಬತ್ತೂ ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು. 1967ರ ಜನವರಿ 9ರಂದು ಬಾಂಡ್ ಕೊನೆಗೂ ಕುರ್ಚಿಯಲ್ಲಿ ಕುಳಿತರು.

ಮರುದಿನ ಸದನಕ್ಕೆ ಇನ್ನೊಂದು ಕೆಲಸವಿತ್ತು. ಗವರ್ನರ್ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ ಆಯ್ಕೆ ಶಾಸಕರ ಪಾಲಿಗೆ ಬಂದಿತ್ತು. ಉಭಯ ಸದನಗಳೂ ಸೇರಿ 182 ಮತ ಕೊಟ್ಟು ಆರಿಸಿದ್ದು ಲೆಸ್ಟರ್ ಮ್ಯಾಡಾಕ್ಸ್ ಮಹಾಶಯರನ್ನು. ಹುರಿದ ಕೋಳಿಗೆ ಹೆಸರಾದ ಹೋಟೆಲಿನ ಮಾಲೀಕರು. 1964ರಲ್ಲಿ ಊಟಕ್ಕೆ ಬಂದ ಕಪ್ಪು ಜನರನ್ನು ಪಿಸ್ತೂಲು ತೋರಿಸಿ ಓಡಿಸಿದವರು. ಎಲ್ಲರಿಗೂ ಬಡಿಸಲೇಬೇಕೆಂದು ದೇಶದ ಕಾನೂನು ಹೇಳಿದಾಗ ಹೋಟೆಲನ್ನೇ ಮುಚ್ಚಿದ್ದರು.