ಒಂದು ಸ್ಕ್ರೂಡ್ರೈವರ್ ಇದೆಯೇನಯ್ಯಾ?

ನಮ್ಮ ಮನೆಗೆ ಬಂದ ನೆಂಟರು ಚಪ್ಪಲಿ ಬಿಡುತ್ತಾರೆ, ಕಾಲು ತೊಳೆಯುತ್ತಾರೆ, ಸೋಫಾದಲ್ಲಿ ಮೆತ್ತಗಿರುವ ಮೂಲೆ ಹುಡುಕಿ ಕೂರುತ್ತಾರೆ. ಭಾವ ಮಾತ್ರ ಹೊಸ್ತಿಲಾಚೆಯೇ ನಿಂತು ಬಾಗಿಲನ್ನು ಎರಡು ಸಲ ತೆಗೆದು ಹಾಕುತ್ತಾರೆ. ಮೂರನೆಯ ಸಲ ಹಾಕುವಾಗ ಕಿವಿಯನ್ನೂ ಹತ್ತಿರ ತರುತ್ತಾರೆ. ಬಂದವರು ಬಾಗಿಲಿಂದಲೇ ವಾಪಸು ಹೋದರೇನೋ ಎಂದು ನಾವು ಒಳಗೆ ಗಾಬರಿಯಾಗುವಷ್ಟರಲ್ಲಿ, ‘ಏನಯ್ಯಾ, ಹೋದ ಸಲಕ್ಕಿಂತ ಜಾಸ್ತಿ ಅಲ್ಲಾಡ್ತಿದೆಯಲ್ಲ!’ ಎಂಬ ಕುಶಲಪ್ರಶ್ನೆ ಕೇಳಿಬರುತ್ತದೆ. ಅದು ನನ್ನ ಕೈಕಾಲಿನ ವಿಷಯವಲ್ಲ, ಬಾಗಿಲಿನ ವಿಷಯ ಎಂದು ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು. ಹಿಂದೆ ಎರಡು ಕೈಗೂ ಬ್ಯಾಗು ನೇತುಹಾಕಿಕೊಂಡ ಅಕ್ಕ, ‘ರೀ, ಮೊದಲು ಒಳಗೆ ನಡೀರಿ’ ಅನ್ನುತ್ತಾಳೆ.

ಇಂಥವರೊಬ್ಬರು ಎಲ್ಲರ ಬಳಗದಲ್ಲೂ ಇರುತ್ತಾರೆ. ಬಡಗಿಯಲ್ಲ, ಇಂಜಿನಿಯರೂ ಅಲ್ಲ. ನಮ್ಮ ಭಾವ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 34 ವರ್ಷ ಕಂಡವರ ಲೆಕ್ಕದಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಹುಡುಕುವ ಕಣ್ಣಿಗೆ ನಿವೃತ್ತಿ ಇಲ್ಲವಲ್ಲ, ಅದು ಈಗ ಕಂಡವರ ಬಾಗಿಲಿಗೂ ದಾರಂದಕ್ಕೂ ನಡುವಿನ ಸಂದಿಯ ಮೇಲೆ ನೆಟ್ಟಿದೆ. ಈ ಜಾತಿಯವರ ಹತ್ತಿರ ಸ್ವಂತ ಹತ್ಯಾರ ಅಂತ ಒಂದೂ ಇರುವುದಿಲ್ಲ. ಬರಿಗೈಯಲ್ಲಿ ಬರುತ್ತಾರೆ, ಕಾಫಿ ಲೋಟ ಕೆಳಗಿಡುತ್ತಾರೆ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟುತ್ತಾರೆ. ಆಮೇಲೆ ಆ ಪ್ರಶ್ನೆ: ‘ಒಂದು ಸ್ಕ್ರೂಡ್ರೈವರ್ ಇದೆಯೇನಯ್ಯಾ?’

ಇದೆ. ಯಾವ ಮನೆಯಲ್ಲಿಲ್ಲ? ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಹಳೇ ಗುಂಡಿ, ಸತ್ತ ಸೆಲ್ಲು, ಯಾವ ಬೀಗದ್ದೋ ತಿಳಿಯದ ಐದಾರು ಬೀಗದ ಕೈಗಳ ನಡುವೆ ಮಲಗಿರುತ್ತದೆ. ನಮ್ಮದರ ಹಿಡಿಯನ್ನು ಯಾರೋ ಒಮ್ಮೆ ಒಲೆಯ ಪಕ್ಕ ಇಟ್ಟು ಅರ್ಧ ಕರಗಿಸಿದ್ದಾರೆ. ತುದಿ ಪೇಂಟಿನ ಡಬ್ಬದ ಮುಚ್ಚಳ ಎಬ್ಬಿಸಿ ಎಬ್ಬಿಸಿ ಬಾಗಿದೆ. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿ, ಶಸ್ತ್ರಚಿಕಿತ್ಸಕನ ಕೈಗೆ ಈಳಿಗೆಮಣೆ ಕೊಟ್ಟವರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ.

ಬಡಗಿಯನ್ನೇ ಕರೆಸಬಹುದಲ್ಲ ಅನ್ನುತ್ತೀರಿ. 1990ರ ದಶಕದಲ್ಲಿ ಬಾಗಿಲು ತಟ್ಟುವ ದೆವ್ವವನ್ನು ಸಾಗಹಾಕಲು ನಮ್ಮ ಕಡೆ ಮನೆಮನೆಯ ಬಾಗಿಲ ಮೇಲೂ ‘ನಾಳೆ ಬಾ’ ಎಂದು ಬರೆದಿದ್ದರು, ನೆನಪಿರಬಹುದು. ದೆವ್ವ ಅದನ್ನು ಓದಿತೋ ಇಲ್ಲವೋ, ಬಡಗಿಗಳಂತೂ ಓದಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಹೊಸ ಮನೆಯ 12 ಬಾಗಿಲಿನ ಗುತ್ತಿಗೆ ಹಿಡಿದವನು ಹಳೇ ಮನೆಯ ಒಂದು ಸ್ಕ್ರೂ ತಿರುಗಿಸಲು ಯಾಕೆ ಬಂದಾನು? ಹಾಗಾಗಿ ಭಾವನಂಥವರ ವೃತ್ತಿ ಊರೂರಲ್ಲೂ ಅಬಾಧಿತವಾಗಿ ನಡೆದಿದೆ.

ಈ ಸಲ ಅಕ್ಕ–ಭಾವ ಅರಸೀಕೆರೆಯಿಂದ ಮೈಸೂರಿಗೆ ಬಂದದ್ದು ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆಂದು. ನಾಲ್ಕು ದಿನ ಇರುವ ಲೆಕ್ಕ. ಹೊರಗೆ ಆಷಾಢದ ಗಾಳಿ. ನಮ್ಮದು 1980ರ ದಶಕದಲ್ಲಿ ಅಪ್ಪ ಕಟ್ಟಿಸಿದ ಮನೆ: ದಾರಂದಕ್ಕೆ ಮತ್ತಿ, ಮುಂಬಾಗಿಲಿಗೆ ತೇಗ, ಒಳಬಾಗಿಲುಗಳಿಗೆ ದುಡ್ಡು ಮುಗಿದ ಮೇಲೆ ಸಿಕ್ಕಿದ ಮರ. ಗಾಳಿ ಎದ್ದರೆ ಒಂದೊಂದು ಬಾಗಿಲು ಒಂದೊಂದು ಸ್ವರದಲ್ಲಿ ಹಾಡುತ್ತದೆ. ಅಪ್ಪನ ಕೋಣೆಯದು ಮಾತ್ರ ಹಾಡಲ್ಲ, ಮದ್ದಳೆ. ರಾತ್ರಿ ಅದು ಧಡ್ ಅಂದಾಗಲೆಲ್ಲ ಅಪ್ಪ ಎದ್ದು ಕೂತು ‘ಯಾರೋ ಅದು?’ ಅನ್ನುತ್ತಾರೆ. ಆದ್ದರಿಂದ ನಾನೇ ಬಾಯಿಬಿಟ್ಟು, ‘ಭಾವ, ಹೇಗೂ ಬಂದಿದ್ದೀರಿ, ಅಪ್ಪನ ಕೋಣೆ ಬಾಗಿಲು ಒಂದು ನೋಡಿಬಿಡಿ’ ಎಂದೆ.

ಭಾವ ಅಪ್ಪನ ಬಾಗಿಲನ್ನು ಬೆರಳ ತುದಿಯಿಂದ ತಳ್ಳಿ ನೋಡಿದರು. ‘ಇದು ಆಮೇಲೆ. ಮೊದಲು ಅಡುಗೆಮನೆ ಬಾಗಿಲು.’

‘ಅದನ್ನ ಯಾರೂ ಹಾಕೋದೇ ಇಲ್ವಲ್ಲ ಅಣ್ಣ?’ ಎಂದಳು ನನ್ನ ಹೆಂಡತಿ.

‘ಹಾಕೋಕಾಗಲ್ಲ ಅಂತಲೇ ಯಾರೂ ಹಾಕ್ತಿಲ್ಲಮ್ಮ’ ಎಂದರು. ತರ್ಕದಲ್ಲಿ ಲೆಕ್ಕಪತ್ರದವರನ್ನು ಗೆದ್ದವರಿಲ್ಲ.

ಭಾವನ ವಿದ್ಯೆ ಸುಳ್ಳಲ್ಲ, ಅದನ್ನು ನಾನು ಒಪ್ಪುತ್ತೇನೆ. ಸಡಿಲ ಬಾಗಿಲಲ್ಲಿ ಎರಡು ಬಗೆ ಎಂದು ಅವರು ಊಟದ ಎಲೆಯ ಮುಂದೆ ವಿವರಿಸುತ್ತಾರೆ. ಒಂದು, ಬೀಗದ ನಾಲಿಗೆ ದಾರಂದದ ಪಟ್ಟಿಯ ತೂತಿನೊಳಗೆ ಹೋಗಿರುತ್ತದೆ, ಆದರೆ ತೂತು ದೊಡ್ಡದು. ಒಳಗೇ ಆಚೆ ಈಚೆ ಓಡಾಡಿಕೊಂಡು ಗಡಗಡ ಅನ್ನುತ್ತದೆ. ಇದಕ್ಕೆ ಮದ್ದು ಒಂದೇ ನಿಮಿಷದ್ದು. ಕೆಲವು ಪಟ್ಟಿಗಳ ತೂತಿನ ಅಂಚಿಗೆ ತಗಡಿನದೇ ಸಣ್ಣ ಕಿವಿ ಇರುತ್ತದೆ, ಅದನ್ನು ಚೂರು ಬಗ್ಗಿಸಿದರೆ ಬಾಗಿಲನ್ನು ಅದುಮಿ ಹಿಡಿಯುತ್ತದೆ. ಇನ್ನೊಂದು, ಬಾಗಿಲೇ ಜೋತುಬಿದ್ದು ನಾಲಿಗೆ ತೂತನ್ನು ಮುಟ್ಟುವುದೇ ಇಲ್ಲ. ಇದು ಭಾವನಿಗೆ ಇಷ್ಟವಾದ ರೋಗ. ಇದಕ್ಕೆ ದಿನಗಟ್ಟಲೆ ಬೇಕು.

ಮರದ ಸ್ವಭಾವದ ಪಾಠವೂ ನಡೆಯುತ್ತದೆ. ‘ಮರ ಉದ್ದಕ್ಕೆ ಉಬ್ಬಲ್ಲ ಕಣಯ್ಯ, ಅಗಲಕ್ಕೆ ಉಬ್ಬುತ್ತೆ. ಕಡಿದು ನಲವತ್ತು ವರ್ಷ ಆದರೂ ಮಳೆ ಬಂತು ಅಂತ ಅದಕ್ಕೆ ಗೊತ್ತಾಗುತ್ತೆ. ಮಳೆಗಾಲದಲ್ಲಿ ಬಾಗಿಲು ಹಿಡೀತು ಅಂತ ಕೀಸಬಾರದು, ಬೇಸಿಗೆಗೆ ಕುಗ್ಗಿ ಸಂದಿ ಬಿಡುತ್ತೆ.’ ಅಪ್ಪಟ ಸತ್ಯ. ಯಾಕೆಂದರೆ ನಾಲ್ಕು ವರ್ಷದ ಹಿಂದಿನ ಜುಲೈಯಲ್ಲಿ ನಮ್ಮ ಬಚ್ಚಲುಮನೆ ಬಾಗಿಲು ಉಬ್ಬಿ ಹಿಡಿದುಕೊಂಡಾಗ, ಪಕ್ಕದ ಬೀದಿಯಲ್ಲಿ ಕೆಲಸ ನಡೆಯುತ್ತಿದ್ದ ಮನೆಯಿಂದ ಕೀಸುಳಿ ಕಡ ತಂದು ಮಧ್ಯಾಹ್ನವಿಡೀ ಕೀಸಿದವರು ಇವರೇ. ಸುರುಳಿ ಸುರುಳಿಯಾಗಿ ಬಿದ್ದ ಹೊಟ್ಟನ್ನು ಮಕ್ಕಳು ಕಿವಿಗೆ ಲೋಲಾಕು ಮಾಡಿಕೊಂಡಿದ್ದರು. ಮಾರ್ಚಿ ಬರುವ ಹೊತ್ತಿಗೆ ಸಂದಿ ಎಷ್ಟಾಯಿತೆಂದರೆ, ಇವತ್ತಿಗೂ ಸ್ನಾನಕ್ಕೆ ಹೋದವರು ಮೊದಲು ಆ ಉದ್ದಕ್ಕೂ ಟವೆಲು ಇಳಿಬಿಟ್ಟು ಆಮೇಲೆ ಚೊಂಬು ಮುಟ್ಟುತ್ತಾರೆ. ಆ ಪ್ರಸಂಗವನ್ನು ಭಾವ ಈಗ ‘ಯಾರೋ ತಿಳಿಯದವರು ಕೀಸಿದರೆ ಹೀಗಾಗುತ್ತೆ ನೋಡು’ ಎಂದು ಉದಾಹರಣೆಗೆ ಬಳಸುತ್ತಾರೆ.

ಶುಕ್ರವಾರ ಬೆಟ್ಟದಿಂದ ಇಳಿದು ಬಂದವರೇ, ‘ಅಮ್ಮಾ, ಸ್ವಲ್ಪ ಕುಂಕುಮ ಕೊಡು’ ಎಂದರು. ಅಣ್ಣನಿಗೆ ಭಕ್ತಿ ಬಂತೆಂದು ನನ್ನ ಹೆಂಡತಿ ಬೆಳ್ಳಿ ಭರಣಿಯನ್ನೇ ತಂದಳು. ಭಾವ ಒಂದು ಚಿಟಿಕೆಯನ್ನು ಎಣ್ಣೆಯಲ್ಲಿ ಕಲಸಿ, ಅಡುಗೆಮನೆ ಬಾಗಿಲಿನ ಬೀಗದ ನಾಲಿಗೆಗೆ ಶ್ರದ್ಧೆಯಿಂದ ಬಳಿದರು. ಬಾಗಿಲು ಹಾಕಿದರು, ತೆಗೆದರು. ದಾರಂದದ ಪಟ್ಟಿಯ ಮೇಲೆ, ತೂತಿಗಿಂತ ಅರ್ಧ ಬೆರಳು ಕೆಳಗೆ, ಕೆಂಪು ಗುರುತು. ‘ಸಿಕ್ಕಿತಲ್ಲ! ಇಲ್ಲಿ ಬಡೀತಿದೆ.’ ಕಳ್ಳನ ಹೆಜ್ಜೆ ಸಿಕ್ಕ ಇನ್ಸ್‌ಪೆಕ್ಟರನ ದನಿ. ನಿಜ ಹೇಳಬೇಕೆಂದರೆ ನನಗೂ ರೋಮಾಂಚನವಾಯಿತು.

ಮೇಲಿನ ಹಿಂಜಸ್ಸಿನ ಸ್ಕ್ರೂಗಳು ಬರೀ ಶಾಸ್ತ್ರಕ್ಕೆ ನಿಂತಿದ್ದವು. ತಿರುಗಿಸಿದರೆ ಗಾಣದೆತ್ತಿನ ಹಾಗೆ ಸುತ್ತುತ್ತವೆಯೇ ಹೊರತು ಹಿಡಿಯುವುದಿಲ್ಲ. ಇದಕ್ಕೆ ಬೆಂಕಿಕಡ್ಡಿ ವೈದ್ಯ. ಬಾಗಿಲನ್ನು ಕಳಚಿ ಸೋಫಾದ ಮೇಲೆ ಮಲಗಿಸಿದ್ದಾಯಿತು. ನಾವು ನೆಲದ ಮೇಲೆ. ಒಂದು ಪೊಟ್ಟಣದಷ್ಟು ಕಡ್ಡಿಗಳ ಮದ್ದಿನ ತಲೆ ಮುರಿದು, ಫೆವಿಕಾಲಿನಲ್ಲಿ ಅದ್ದಿ, ಸವೆದ ತೂತುಗಳಿಗೆ ಜಡಿದರು. ಫೆವಿಕಾಲ್ ಶುರುವಾದದ್ದೂ ತಾವು ಹುಟ್ಟಿದ್ದೂ 1959ರಲ್ಲೇ ಎಂಬುದು ಭಾವ ಎಲ್ಲರಿಗೂ ಹೇಳುವ ವಿಷಯ. ಇಬ್ಬರಿಗೂ ಹಿಡಿದದ್ದು ಬಿಡುವ ಅಭ್ಯಾಸವಿಲ್ಲ ಎಂಬುದನ್ನು ಅಕ್ಕ ಸೇರಿಸುತ್ತಾಳೆ. ಅದಕ್ಕೆ ಮುಂಚೆ ಬಡಗಿಗಳು ಪ್ರಾಣಿಗಳ ಮೂಳೆ–ಚರ್ಮ ಬೇಯಿಸಿ ಮಾಡಿದ ಅಂಟನ್ನು ಒಲೆಯ ಮೇಲೆ ಕಾಯಿಸಿ ಬಳಸುತ್ತಿದ್ದ ಕಥೆಯನ್ನು, ನಾವು ಗಸಗಸೆ ಪಾಯಸಕ್ಕೆ ಬಾಯಿಟ್ಟ ಹೊತ್ತಿಗೆ ಸರಿಯಾಗಿ ಹೇಳಿದರು. ಪಾಯಸದ ಲೋಟ ಅವರ ಮುಂದೆ ಇರಲಿಲ್ಲ. ಡಾಕ್ಟರು ಸಕ್ಕರೆ ಬಿಡಿಸಿ ಎರಡು ವರ್ಷವಾಗಿದೆ. ಡಾಕ್ಟರು ಬಿಟ್ಟರೂ ಅಕ್ಕ ಬಿಡುವುದಿಲ್ಲ.

‘ಇಪ್ಪತ್ನಾಲ್ಕು ಗಂಟೆ ಯಾರೂ ಮುಟ್ಟಕೂಡದು’ ಎಂದು ಆಜ್ಞೆಯಾಯಿತು. ಮರುದಿನ ಬೆಳಿಗ್ಗೆ ದೇವರ ದೀಪ ಹಚ್ಚಲು ಹೋದರೆ ಪೊಟ್ಟಣದಲ್ಲಿ ಕಡ್ಡಿಯಿಲ್ಲ. ‘ಕೆಲಸವಿಲ್ಲದ ಬಡಗಿ ಮಗುವಿನ...’ ಎಂದು ಅಕ್ಕ ಗಾದೆ ಶುರುಮಾಡಿ, ಮಕ್ಕಳು ಕಿವಿ ನಿಮಿರಿಸಿದ್ದು ಕಂಡು ಅಲ್ಲಿಗೇ ನಿಲ್ಲಿಸಿದಳು. ಗೊತ್ತಿರುವವರಿಗೆ ಗೊತ್ತು.

ಬಾಗಿಲು ಮತ್ತೆ ನಿಂತಿತು. ಆದರೆ ಕುಂಕುಮ ಇನ್ನೂ ಒಂದು ನೂಲಿನಷ್ಟು ಕೆಳಗೇ ತೋರಿಸುತ್ತಿತ್ತು. ಕೆಳಗಿನ ಹಿಂಜಸ್ಸಿನ ಹಿಂದೆ ದಪ್ಪ ರಟ್ಟು ಕೊಟ್ಟರೆ ಬಾಗಿಲಿನ ಆಚೆ ತುದಿ ಮೇಲೇಳುತ್ತದಂತೆ. ರಟ್ಟಿಗೆ ಲಗ್ನಪತ್ರಿಕೆಯನ್ನು ಮೀರಿದ್ದಿಲ್ಲ. ಹಳೆಯವನ್ನೆಲ್ಲ ಹರಡಿಕೊಂಡು ಬೆರಳಲ್ಲಿ ತಿಕ್ಕಿ ತೂಕ ನೋಡಿದರು. ‘ಇದು ತೆಳು, ಹುಡುಗನ ಕಡೆಯವರು ಜುಗ್ಗರು. ಇದು ನೋಡು, ಎಂಥಾ ಮದುವೆ!’ ಆ ದಂಪತಿ ಈಗ ಕೋರ್ಟಿಗೆ ಅಲೆಯುತ್ತಿದ್ದಾರೆಂದು ನಾನು ಹೇಳಲಿಲ್ಲ, ರಟ್ಟಂತೂ ಗಟ್ಟಿಯಾಗಿತ್ತು. ಕೊನೆಗೆ ಪಟ್ಟಿಯ ಕಿವಿಯನ್ನು ಚೂರು ಬಗ್ಗಿಸಿ, ಬಾಗಿಲು ಕೂರುವ ಕಡೆ ಸ್ಪಂಜಿನ ಟೇಪು ಅಂಟಿಸಿ, ಸಂಜೆ ಬಾಗಿಲು ತಳ್ಳಿದರು. ಸದ್ದೇ ಇಲ್ಲ. ಬೆಕ್ಕು ಹೆಜ್ಜೆಯಿಟ್ಟ ಹಾಗೆ ಹೋಗಿ ಕೂತಿತು. ನಾವೆಲ್ಲ ಒಬ್ಬೊಬ್ಬರಾಗಿ ತೆಗೆದು ಹಾಕಿ ನೋಡಿದೆವು.

‘ಇಷ್ಟು ಬರುತ್ತೆ, ಮತ್ತೆ ನಿಮ್ಮನೇ ಅಡುಗೆಮನೆ ಬಾಗಿಲು ಯಾಕೆ ಹಾಗೆ?’ ಎಂದು ಕೇಳಿಯೇಬಿಟ್ಟೆ. ಹೋದ ವರ್ಷ ಅರಸೀಕೆರೆಯಲ್ಲಿ ನೋಡಿದ್ದೆ. ಮುಟ್ಟಿದರೆ ಸಾಕು, ಸಂತೆಗೆ ಹೊರಟ ಪಾತ್ರೆ ಗಾಡಿಯ ಹಾಗೆ ಊರಿಗೇ ಕೇಳಿಸುತ್ತದೆ. ಭಾವ ಸ್ಕ್ರೂಡ್ರೈವರ್ ಒರೆಸತೊಡಗಿದರು. ‘ಅದನ್ನ ಮುಟ್ಟಕೂಡದು ಅಂತ ನಾನೇ ಹೇಳಿದೀನಿ’ ಎಂದಳು ಅಕ್ಕ, ಮೈಸೂರು ಪಾಕಿನ ತಗಡಿನ ಡಬ್ಬವನ್ನು ಅಡುಗೆಮನೆ ಅಟ್ಟಣೆಗೆ ಏರಿಸುತ್ತಾ. ಮಗಳ ಬೀಗರಿಗೆಂದು ಒಂದು ಕೇಜಿ ತಂದಿದ್ದಳು.

‘ಅಪ್ಪನ ಕೋಣೆ?’ ಎಂದೆ.

‘ನಾಳೆ ನೋಡೋಣ’ ಎಂದರು ಭಾವ. ಅಂತೂ ಪೂರ್ತಿ ಬಡಗಿಯಾದರು.

ಆ ರಾತ್ರಿ ಗಾಳಿ ಜೋರಾಗಿತ್ತು. ಅಪ್ಪನ ಬಾಗಿಲು ಧಡ್ ಧಡ್ ಅನ್ನುತ್ತಲೇ ಇತ್ತು. ಒಂದೂವರೆಗೆ ಎಚ್ಚರವಾಗಿ ನೀರು ಕುಡಿಯಲು ಹೋದೆ. ಅಡುಗೆಮನೆ ಬಾಗಿಲು ಮುಚ್ಚಿತ್ತು. ತಳ್ಳಿದೆ, ಚೂರೂ ಸದ್ದಿಲ್ಲದೆ ತೆರೆಯಿತು. ಮೊಬೈಲಿನ ಬೆಳಕಿನಲ್ಲಿ ಸ್ಟೂಲಿನ ಮೇಲೆ ಭಾವ, ತೊಡೆಯ ಮೇಲೆ ತಗಡಿನ ಡಬ್ಬ, ಎರಡು ಹೆಬ್ಬೆರಳೂ ಮುಚ್ಚಳದ ಅಂಚಿಗೆ.

ಅವರು ಗಾಬರಿಯಾಗಲಿಲ್ಲ. ‘ಬಾಗಿಲು ಹಾಕ್ಕೊಂಡು ಬಾ’ ಎಂದು ಪಿಸುಗುಟ್ಟಿದರು. ಹಾಕಿದೆ. ಮುಚ್ಚಳ ಬಿಗಿಯಾಗಿತ್ತು, ತೆಗೆದರೆ ಠಪ್ ಅನ್ನುವಂಥದ್ದು. ನಾನು ಕೈ ಚಾಚಿದೆ. ಭಾವ ತಲೆಯಾಡಿಸಿದರು.

‘ತಾಳು, ಗಾಳಿ ಬರಲಿ.’

ಇಬ್ಬರೂ ಉಸಿರು ಹಿಡಿದು ಕೂತೆವು. ನಡುಮನೆಯಾಚೆ ಅಪ್ಪನ ಬಾಗಿಲು ಧಡ್ ಎಂದಿತು. ಅದೇ ಗಳಿಗೆಗೆ ಭಾವ ಮುಚ್ಚಳ ಎಬ್ಬಿಸಿದರು.

‘ಯಾರೋ ಅದು?’ ಎಂದರು ಅಪ್ಪ, ಒಳಗಿನಿಂದ.

‘ಗಾಳಿ ಮಾವ, ಮಲಕ್ಕೊಳ್ಳಿ’ ಎಂದಳು ಅಕ್ಕನ ಪಕ್ಕ ಮಲಗಿದ್ದ ನನ್ನ ಹೆಂಡತಿ.